ಮಾವನ ಲಾಗ್‌ಬುಕ್, ಅತ್ತೆಯ ಲೆಕ್ಕದ ಪುಸ್ತಕ

(ನನ್ನ ಸೋದರಮಾವ ತೀರಿಕೊಂಡು ವರ್ಷ ತುಂಬಿದಾಗ ವಿದ್ಯಾರಣ್ಯಪುರದಲ್ಲಿ ನಿವೃತ್ತ ಸೈನಿಕರ ಕುಟುಂಬಗಳ ಸಣ್ಣ ಸಭೆಯಲ್ಲಿ ಆಡಿದ ಮಾತು. ಅಲ್ಲಿ ಸಮಯ ಸಾಲದೆ ಬಿಟ್ಟಿದ್ದ ಕೆಲವನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಾಯುಪಡೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಯುದ್ಧವಿಮಾನ. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವಾಗ ಈ ಕಡೆಯ ಬಡಾವಣೆಗಳಲ್ಲಿ ಎಲ್ಲರೂ ತಾರಸಿ ಹತ್ತಿ, ಕಿವಿ ಮುಚ್ಚಿಕೊಂಡು, ಕತ್ತೆತ್ತಿ ನೋಡುತ್ತೇವಲ್ಲ, ಅಂಥವು. ಮಾವ ಓಡಿಸಿದ್ದು ಅವನ್ನಲ್ಲ. ಅವರು ಸಾಗಣೆ ವಿಮಾನದ ಪೈಲಟ್. ಅಕ್ಕಿ, ಬೇಳೆ, ಉಪ್ಪು, ಸೀಮೆಎಣ್ಣೆ, ಮದ್ದುಗುಂಡು, ಟಪಾಲಿನ ಚೀಲ, ಗಾಯಗೊಂಡವರು, ರಜೆ ಸಿಕ್ಕಿ ಊರಿಗೆ ಹೊರಟ ಜವಾನರು, ಕೆಲವೊಮ್ಮೆ ಶವಪೆಟ್ಟಿಗೆ. ಇವನ್ನೆಲ್ಲ ಹೊತ್ತು ಬೆಟ್ಟ ದಾಟಿಸುವ ಕೆಲಸ. ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಅದನ್ನೇ ಮಾಡಿದರು.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ಮಾತು. ಮಾವ ಹಾರಿದ್ದರ ಬೆಲೆಯಲ್ಲಿ ದೊಡ್ಡ ಪಾಲು ತೆತ್ತವರು ನೆಲದ ಮೇಲಿದ್ದವರು, ಎಲ್ಲರಿಗಿಂತ ಹೆಚ್ಚಾಗಿ ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮತ್ತೆ. ಮಾವನಿಗೆ ಅದು ಚೆನ್ನಾಗಿ ಗೊತ್ತಿತ್ತು. ನಿವೃತ್ತಿಯಾದ ಮೇಲೆ ಅವರು ಬದುಕಿದ ರೀತಿ ಆ ಅರಿವಿನಿಂದಲೇ ಬಂದದ್ದು ಅಂತ ನಾನು ನಂಬಿದ್ದೇನೆ.

ನನಗೆ ಇದು ಅರ್ಥವಾದದ್ದು ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ. ಒಂದು ಮಾವನ ಲಾಗ್‌ಬುಕ್. ಪ್ರತಿ ಪೈಲಟ್ ಹತ್ತಿರವೂ ಅದು ಇರುತ್ತೆ. ದಿನಾಂಕ, ವಿಮಾನ ಯಾವುದು, ಜೊತೆಗೆ ಯಾರಿದ್ದರು, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು. ಅಷ್ಟೇ, ಒಂದು ಹಾರಾಟಕ್ಕೆ ಒಂದು ಸಾಲು. ಇನ್ನೊಂದು ಅತ್ತೆಯ ಲೆಕ್ಕದ ಪುಸ್ತಕ. ಮದುವೆಯಾಗಿ ಬಂದ ದಿನದಿಂದ ಅತ್ತೆ ಮನೆ ಖರ್ಚು ಬರೆದಿಡುವವರು. ಹಾಲು, ತರಕಾರಿ, ಸೀಮೆಎಣ್ಣೆ, ಮಕ್ಕಳ ಫೀಸು. ಮಾವ ಹೋದ ಮೇಲೆ ಅವರ ಇಬ್ಬರು ಹೆಣ್ಣುಮಕ್ಕಳು ಮತ್ತು ನಾನು ಊಟದ ಮೇಜಿನ ಮೇಲೆ ಎರಡನ್ನೂ ತೆರೆದಿಟ್ಟು, ದಿನಾಂಕ ಹೊಂದಿಸಿಕೊಂಡು ಓದಿದೆವು. ಅತ್ತೆ ಒಪ್ಪಿದ್ದರಿಂದ ಅದರಲ್ಲಿ ಕೆಲವನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಮಾವ ಈ ಕೆಲಸಕ್ಕೆ ಬಂದದ್ದು ಹೇಗೆ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ನಮ್ಮಜ್ಜ ಹಾಸನದ ಕಡೆ ಮೇಷ್ಟ್ರಾಗಿದ್ದವರು. ಮಗ ಓದಲಿ ಅಂತ ಬೆಂಗಳೂರಿಗೆ ಬಂದು ಚಾಮರಾಜಪೇಟೆಯಲ್ಲಿ ಮನೆ ಮಾಡಿದರು. ಆಗಿನ ಬೆಂಗಳೂರಿನಲ್ಲಿ ವಿಮಾನ ನೋಡುವುದು ಅಪರೂಪವಾಗಿರಲಿಲ್ಲ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆ ಸೇರಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರುಮಾಡಿದ್ದರು, ಅದೇ ಮುಂದೆ ಎಚ್‌ಎಎಲ್ ಆಯಿತು. ವಿ. ಎಂ. ಘಾಟಗೆ ಅವರ ಮುಂದಾಳುತನದಲ್ಲಿ ಅಲ್ಲಿ ತಯಾರಾದ ಎಚ್‌ಟಿ-2 ಅನ್ನುವ ತರಬೇತಿ ವಿಮಾನ 1951ರಲ್ಲಿ ಹಾರಿತು. ಹುಡುಗ ಮಾವ ಸೈಕಲ್ ತುಳಿದುಕೊಂಡು ಅಲ್ಲಿಯವರೆಗೂ ಹೋಗಿ ಬೇಲಿ ಆಚೆ ನಿಂತು ಅದನ್ನು ನೋಡುತ್ತಿದ್ದರಂತೆ. 1962ರ ಯುದ್ಧವಾದ ಮರುವರ್ಷ ವಾಯುಪಡೆಗೆ ಸೇರಿದರು. ಅಜ್ಜಿ ಎರಡು ದಿನ ಊಟ ಬಿಟ್ಟರು. ತರಬೇತಿಗೆ ಅಂತ ದೂರದ ಅಲಹಾಬಾದಿಗೆ ಹೋದರೆ ಅಲ್ಲಿ ಮೊದಲು ಕೈಗೆ ಕೊಟ್ಟದ್ದು ಇದೇ ಎಚ್‌ಟಿ-2. ನಮ್ಮೂರಿನ ವಿಮಾನ! ಈ ಮಾತು ಹೇಳುವಾಗ ಎಂಬತ್ತು ದಾಟಿದ ಮೇಲೂ ಅವರ ಮುಖ ಅರಳುತ್ತಿತ್ತು. ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಮ್ಮಿಗೆ ನಮ್ಮನ್ನೆಲ್ಲ ಕರೆದುಕೊಂಡು ಹೋದಾಗ ಮೊದಲು ಹುಡುಕುತ್ತಿದ್ದುದೂ ಅದನ್ನೇ.

ಆಮೇಲೆ ಡಕೋಟಾ, ಅದಾದ ಮೇಲೆ ಪ್ಯಾಕೆಟ್. ಮಾವನ ಜೀವನದ ವಿಮಾನ ಅಂದರೆ ಪ್ಯಾಕೆಟ್. ಈಗಿನವರು ನೋಡಿರುವುದಿಲ್ಲ, ಎಂಬತ್ತರ ದಶಕದಲ್ಲೇ ಸೇವೆಯಿಂದ ಹೊರಗಾಯಿತು. ಡಬ್ಬದಂಥ ಹೊಟ್ಟೆ, ಹಿಂದಕ್ಕೆ ಚಾಚಿದ ಎರಡು ಬಾಲ, ಎರಡು ಪಿಸ್ಟನ್ ಎಂಜಿನ್. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತೆ, ಪಿಸ್ಟನ್ ಎಂಜಿನ್ನಿಗೆ ಉಸಿರು ಕಟ್ಟುತ್ತೆ. ಹಿಮಾಲಯ ದಾಟಲು ಆ ಬಲ ಸಾಲದು. ಅದಕ್ಕೇ ನಮ್ಮ ಪ್ಯಾಕೆಟ್‌ಗಳ ಬೆನ್ನ ಮೇಲೆ ಒಂದು ಜೆಟ್ ಎಂಜಿನ್ ಕೂರಿಸಿದರು. ಹಾಗೆ ಕೂರಿಸಿದವುಗಳಲ್ಲಿ ಆರ್ಫಿಯಸ್ ಅನ್ನುವುದು ನಮ್ಮ ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಎಂಜಿನ್. ಚಂಡೀಗಢದಿಂದ ಹೊರಟು ಹಿಮದ ಸಾಲುಗಳನ್ನು ದಾಟುವಾಗ ಮಾವ ತಲೆ ಮೇಲಿನ ಆ ಎಂಜಿನ್ನಿನ ಸದ್ದಿಗೇ ಕಿವಿ ಕೊಟ್ಟಿರುತ್ತಿದ್ದರಂತೆ.

ಲಡಾಖಿನ ಲೇ ಊರಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಅಲ್ಲಿ ಮೊದಲ ಸಲ ವಿಮಾನ ಇಳಿದದ್ದು 1948ರ ಮೇ 24ರಂದು. ಇಳಿಸಿದವರು ಏರ್ ಕಮೋಡರ್ ಮೆಹರ್ ಸಿಂಗ್, ಜೊತೆಯಲ್ಲಿ ಕೂತಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಸೋನಂ ನೋರ್ಬು ಅನ್ನುವ ಲಡಾಖಿ ಎಂಜಿನಿಯರ್ ಊರವರನ್ನು ಕೂಡಿಸಿಕೊಂಡು ನೆಲ ಹದ ಮಾಡಿ ಪಟ್ಟಿ ಸಿದ್ಧಮಾಡಿದ್ದರು. ಸುಮಾರು 11 ಸಾವಿರ ಅಡಿ ಎತ್ತರ, ಸುತ್ತ ಬೆಟ್ಟ, ಡಕೋಟಾದಲ್ಲಿ ಇವತ್ತಿನ ಯಾವ ಸಲಕರಣೆಯೂ ಇಲ್ಲ. ಮಾವನಿಗೆ ಮೆಹರ್ ಸಿಂಗ್ ಅಂದರೆ ದೇವರ ಸಮಾನ. ನಾವು ಆಮೇಲೆ ಹೋದವರು, ದಾರಿ ಮಾಡಿದವರು ಅವರು ಅನ್ನುತ್ತಿದ್ದರು.

ಲೇಗೆ ಹೋಗುವುದು ಬೆಳಗಿನ ಹೊತ್ತು ಮಾತ್ರ. ಬಿಸಿಲೇರಿದ ಮೇಲೆ ಗಾಳಿ ಎದ್ದುಬಿಡುತ್ತೆ, ಬಿಸಿ ಗಾಳಿಯಲ್ಲಿ ವಿಮಾನ ಏಳಲು ಒದ್ದಾಡುತ್ತೆ. ಹಾಗಾಗಿ ಕತ್ತಲಿರುವಾಗಲೇ ಎದ್ದು, ಹವಾಮಾನ ಕೇಳಿ, ಬೆಳಕು ಹರಿಯುವ ಹೊತ್ತಿಗೆ ಹೊರಡಬೇಕು. ಪ್ಯಾಕೆಟ್ ಒಳಗೆ ಗಾಳಿಯ ಒತ್ತಡ ಕಾಪಾಡುವ ಏರ್ಪಾಡು ಇರಲಿಲ್ಲ, ಆಮ್ಲಜನಕದ ಮಾಸ್ಕ್ ಹಾಕಿಕೊಂಡೇ ಹೋಗಬೇಕು. ಚಳಿ ಮೂಳೆಗೆ ಇಳಿಯುತ್ತಿತ್ತು. ಇಳಿದ ಮೇಲೂ ಪುರುಸೊತ್ತಿಲ್ಲ. ಸಾಮಾನು ಖಾಲಿ ಮಾಡಿ, ವಾಪಸ್ ಹೋಗುವವರನ್ನು ಹತ್ತಿಸಿಕೊಂಡು, ಗಾಳಿ ಏಳುವ ಮುಂಚೆ ಹೊರಟುಬಿಡಬೇಕು.

ಲಾಗ್‌ಬುಕ್ಕಿನಲ್ಲಿ ಇದೆಲ್ಲ ಏನೂ ಇಲ್ಲ. 'ಚಂಡೀಗಢ–ಲೇ–ಚಂಡೀಗಢ' ಅಂತ ಒಂದು ಸಾಲು. ಪುಟಗಟ್ಟಲೆ ಅದೇ ಸಾಲು.

ಅತ್ತೆ ಮದುವೆಯಾಗಿ ಚಂಡೀಗಢಕ್ಕೆ ಹೋದದ್ದು 1967ರಲ್ಲಿ. ಹಿಂದಿ ಬರುತ್ತಿರಲಿಲ್ಲ. ಸಣ್ಣ ಕ್ವಾರ್ಟರ್ಸು, ಎರಡು ಕಪ್ಪು ಟ್ರಂಕು, ಒಂದು ಸೀಮೆಎಣ್ಣೆ ಸ್ಟೌ. ಮರುವರ್ಷ ಫೆಬ್ರವರಿ 7ರ ಪುಟಕ್ಕೆ ಬಂದಾಗ ನಾವು ಮೂವರೂ ಓದುವುದು ನಿಲ್ಲಿಸಿದೆವು. ಆ ದಿನ ಚಂಡೀಗಢದಿಂದ ಲೇಗೆ ಹೋಗುತ್ತಿದ್ದ ವಾಯುಪಡೆಯ ಎಎನ್-12 ವಿಮಾನವೊಂದು ಹವಾಮಾನ ಕೆಟ್ಟಿದ್ದರಿಂದ ವಾಪಸ್ ತಿರುಗಿತು. ಹಿಮಾಚಲದ ರೋಹ್ತಾಂಗ್ ಹತ್ತಿರ ಎಲ್ಲೋ ಅದರ ದನಿ ನಿಂತುಹೋಯಿತು. ಒಳಗೆ 102 ಜನ. ಹೆಚ್ಚಿನವರು ರಜೆ ಮುಗಿಸಿ ಕೆಲಸಕ್ಕೆ ಮರಳುತ್ತಿದ್ದ ಸೈನಿಕರು.

ಮಾವನ ಲಾಗ್‌ಬುಕ್ಕಿನಲ್ಲಿ ಅದಾದ ಮೇಲಿನ ದಿನಗಳಲ್ಲಿ ಹುಡುಕಾಟದ ಹಾರಾಟಗಳಿವೆ. 'ಸರ್ಚ್' ಅಂತ ಒಂದೇ ಶಬ್ದ, ಪಕ್ಕದಲ್ಲಿ ಗಂಟೆ ನಿಮಿಷ. ಕೆಳಗೆ ಬಿಳಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ ಅಂತ ಅವರು ಒಮ್ಮೆ ಮಾತ್ರ ಹೇಳಿದ್ದು ನನಗೆ ನೆನಪಿದೆ. ಅತ್ತೆಯ ಪುಸ್ತಕದಲ್ಲಿ ಅದೇ ದಿನಗಳಲ್ಲಿ ಏನಿದೆ ಗೊತ್ತಾ? ಹಾಲು. ದಿನಾ ತರುತ್ತಿದ್ದುದಕ್ಕಿಂತ ಎಷ್ಟೋ ಜಾಸ್ತಿ ಹಾಲು, ಟೀ ಪುಡಿ, ಸಕ್ಕರೆ, ಬ್ರೆಡ್ಡು. ಯಾಕೆ ಅಂತ ಕೇಳಿದೆವು. ಅತ್ತೆ ಹೇಳಿದರು: ಗಂಡಂದಿರು ಹುಡುಕಲು ಹೋದಾಗ ಹೆಂಗಸರೆಲ್ಲ ವಿಮಾನದಲ್ಲಿದ್ದವರ ಮನೆಗಳಿಗೆ ಹೋಗಿ ಕೂರುತ್ತಿದ್ದೆವು, ಆ ಮನೆಗಳಲ್ಲಿ ಒಲೆ ಹಚ್ಚುವವರು ಇರಲಿಲ್ಲ, ಪಾಳಿ ಹಾಕಿಕೊಂಡು ಫ್ಲಾಸ್ಕಿನಲ್ಲಿ ಟೀ ತೆಗೆದುಕೊಂಡು ಹೋಗುತ್ತಿದ್ದೆವು, ಮಕ್ಕಳಿಗೆ ಹಾಲು. ಭಾಷೆ ಬಾರದ ಇಪ್ಪತ್ತೊಂದು ವರ್ಷದ ಹುಡುಗಿ ಗುರುತಿಲ್ಲದವರ ಅಡುಗೆಮನೆಯಲ್ಲಿ ನಿಂತು ಹಾಲು ಕಾಯಿಸುತ್ತಿದ್ದಳು, ಅವಳ ಗಂಡ ಆ ಹೊತ್ತಿಗೆ ಅದೇ ಬೆಟ್ಟಗಳ ಮೇಲೆ ಹಾರುತ್ತಿದ್ದ.

ನಾವು ಧೈರ್ಯ ಅಂತ ಯಾವುದನ್ನು ಕರೆಯುತ್ತೇವೋ ಅದರಲ್ಲಿ ಈ ಹಾಲಿನ ಲೆಕ್ಕವೂ ಸೇರಬೇಕು, ಅಲ್ವಾ?

ಆ ವಿಮಾನದ ಕಥೆ ಅಲ್ಲಿಗೆ ಮುಗಿಯಲಿಲ್ಲ. 35 ವರ್ಷ ಕಳೆದು 2003ರಲ್ಲಿ ಪರ್ವತಾರೋಹಿಗಳಿಗೆ ಮಂಜಿನಲ್ಲಿ ಅವಶೇಷ ಸಿಕ್ಕಿತು. ಆಮೇಲೂ ಸೇನೆಯವರು ಮತ್ತೆ ಮತ್ತೆ ಹೋಗಿ ಹುಡುಕಿದರು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಇನ್ನೂ ನಾಲ್ವರ ದೇಹ ಸಿಕ್ಕಿತು. 56 ವರ್ಷದ ಮೇಲೆ! ಅವರಲ್ಲಿ ಒಬ್ಬರು ಕೇರಳದವರು, ಅವರನ್ನು ಊರಿಗೆ ತಂದು ಮಣ್ಣು ಮಾಡಿದರು. ಮಾವ ಆಗ ಇದ್ದರು. ಬೆಳಗ್ಗೆ ಪೇಪರ್ ಓದುತ್ತಾ ಅತ್ತೆಯನ್ನು ಕರೆದರು, ಸುದ್ದಿ ತೋರಿಸಿದರು. ಅತ್ತೆ ಕೇಳಿದ ಮೊದಲ ಮಾತು, "ಅವರ ಮನೇಲಿ ಯಾರಾದರೂ ಉಳಿದಿದ್ದಾರಾ?" ಅಂತ. ಮಾವ ಆ ದಿನ ಮಧ್ಯಾಹ್ನ ಊಟಕ್ಕೆ ಕೂರಲಿಲ್ಲ. ಸಂಜೆ ನನಗೆ ಫೋನ್ ಮಾಡಿ ಹೇಳಿದರು: ನಾವು ಹುಡುಕಿದ ಜಾಗಕ್ಕೂ ಅವರಿದ್ದ ಜಾಗಕ್ಕೂ ಎಷ್ಟು ದೂರ ಇತ್ತೋ ಅಂತ ಮ್ಯಾಪು ತೆಗೆದು ನೋಡುತ್ತಿದ್ದೇನೆ.

ಇನ್ನು ಈಶಾನ್ಯದ ಕಡೆ. ಎಪ್ಪತ್ತರ ದಶಕದ ಶುರುವಿನಲ್ಲಿ ಮಾವನಿಗೆ ಆ ಕಡೆ ಪೋಸ್ಟಿಂಗ್ ಆಯಿತು. ಮನೆಯವರನ್ನು ಕರೆದುಕೊಂಡು ಹೋಗುವಂತಿರಲಿಲ್ಲ. ಅಲ್ಲಿ ಕೆಲಸವೇ ಬೇರೆ ತರಹ. ರಸ್ತೆ ಇಲ್ಲದ ಗಡಿ ಠಾಣೆಗಳಿಗೆ ವಿಮಾನದಿಂದಲೇ ಸಾಮಾನು ಬೀಳಿಸಬೇಕು. ಕಿರಿದಾದ ಕಣಿವೆಯೊಳಗೆ ನುಗ್ಗಿ, ಕೆಳಗೆ ಗುರುತು ಹಾಕಿದ ಜಾಗದ ಮೇಲೆ ಬರುವಾಗ ಗಂಟೆ ಬಾರಿಸುತ್ತಾರೆ, ಹಿಂದೆ ನಿಂತಿರುವ ಸೈನ್ಯದ ಹುಡುಗರು ಮೂಟೆಗಳನ್ನು ತೆರೆದ ಬಾಗಿಲಿನಿಂದ ಹೊರಗೆ ತಳ್ಳುತ್ತಾರೆ. ನಾಜೂಕಿನ ಸಾಮಾನಿಗೆ ಪ್ಯಾರಾಚೂಟ್ ಕಟ್ಟುತ್ತಾರೆ. ಅಕ್ಕಿ ಮೂಟೆಯನ್ನು ಹಾಗೇ ಬಿಡುವುದೂ ಉಂಟು, ಆಗ ಒಂದು ಗೋಣಿಚೀಲದ ಮೇಲೆ ಇನ್ನೊಂದು ಸಡಿಲ ಚೀಲ ಹಾಕಿರುತ್ತಾರೆ, ಒಳಗಿನದು ಒಡೆದರೂ ಹೊರಗಿನದು ಹಿಡಿದುಕೊಳ್ಳಲಿ ಅಂತ. ಒಂದೇ ಸಲಕ್ಕೆ ಎಲ್ಲಾ ತಳ್ಳಲು ಆಗಲ್ಲ. ಸುತ್ತು ಹಾಕಿ, ಮತ್ತೆ ಅದೇ ಕಣಿವೆಗೆ ಬಂದು, ಮತ್ತೆ ಸುತ್ತು. ಪ್ರತಿ ಸುತ್ತಿನಲ್ಲೂ ಮೋಡ ಕೆಳಗಿಳಿಯುತ್ತಾ ಬರುತ್ತೆ. ಯಾವಾಗ ಸಾಕು, ವಾಪಸ್ ಹೋಗೋಣ ಅಂತ ಹೇಳಬೇಕು ಅನ್ನುವುದೇ ಪೈಲಟ್‌ನ ನಿಜವಾದ ಕೆಲಸ ಅಂತ ಮಾವ ತಮ್ಮ ಕೈಕೆಳಗಿನವರಿಗೆ ಕಲಿಸುತ್ತಿದ್ದರು. ಕೆಳಗೆ ಹಸಿದವರು ಕಾಯುತ್ತಿದ್ದಾರೆ ಅಂತ ಗೊತ್ತಿದ್ದೂ ತಿರುಗಿ ಬರುವುದು. ಅದು ಅವರಿಗೆ ಕಷ್ಟವಾಗುತ್ತಿತ್ತು, ಆದರೂ ತಿರುಗಿ ಬರುತ್ತಿದ್ದರು. ಅವರ ಜೊತೆ ಹಾರಿದವರು ಈ ಸಭೆಯಲ್ಲಿ ಕೂತಿರುವುದಕ್ಕೆ ಅದೂ ಒಂದು ಕಾರಣ.

1971ರ ಡಿಸೆಂಬರ್. ಅತ್ತೆ ಆಗ ಚಾಮರಾಜಪೇಟೆಯ ಅಜ್ಜಿ ಮನೆಯಲ್ಲಿ ನಮ್ಮ ಜೊತೆ. ದೊಡ್ಡ ಮಗಳಿಗೆ ಇನ್ನೂ ಮೂರು ತುಂಬಿರಲಿಲ್ಲ. ಆ ಮಗು ಹುಟ್ಟಿದ್ದೂ ಅಪ್ಪ ದೂರ ಇರುವಾಗಲೇ. ಬಾಣಂತನಕ್ಕೆ ತವರಿಗೆ ಬಂದಿದ್ದರು. ಹೆರಿಗೆಯಾದ ದಿನದ ಸಾಲು ಅತ್ತೆಯ ಪುಸ್ತಕದಲ್ಲಿ ಅವರ ಅಮ್ಮನ ಕೈಬರಹದಲ್ಲಿದೆ: ಜಟಕಾ, ಔಷಧಿ, ಆಯಾಗೆ ಇನಾಮು, ಟೆಲಿಗ್ರಾಂ. ಲಾಗ್‌ಬುಕ್ಕಿನಲ್ಲಿ ಆ ದಿನ 'ಚಂಡೀಗಢ–ಲೇ–ಚಂಡೀಗಢ'. ಸಂಜೆ ವಾಪಸ್ ಬಂದ ಮೇಲೆ ಕೈಗೆ ತಂತಿ ಕೊಟ್ಟರಂತೆ. ಮಗುವಿನ ಮುಖ ನೋಡಿದ್ದು ಅದು ಬೋರಲು ಬೀಳುವ ಹೊತ್ತಿಗೆ.

ಯುದ್ಧದ ತಿಂಗಳಲ್ಲಿ ಅತ್ತೆಯ ಪುಸ್ತಕದಲ್ಲಿ ಎದ್ದು ಕಾಣುವುದು ಟ್ರಾನ್ಸಿಸ್ಟರ್ ಸೆಲ್ಲು. ಮತ್ತೆ ಮತ್ತೆ ಸೆಲ್ಲು. ಬೆಳಗ್ಗೆಯಿಂದ ರಾತ್ರಿವರೆಗೂ ರೇಡಿಯೋ ಹಾಕಿಟ್ಟಿರುತ್ತಿದ್ದರು. ಬೀದಿಯಲ್ಲಿ ಸೈಕಲ್ ಬೆಲ್ಲು ಕೇಳಿದರೆ ಅಜ್ಜಿ ದೇವರ ಮನೆಗೆ ಹೋಗಿಬಿಡುತ್ತಿದ್ದರು, ಎಲ್ಲಿ ಟೆಲಿಗ್ರಾಂ ಬಂತೋ ಅಂತ. ಬಾಗಿಲಿಗೆ ಹೋಗುತ್ತಿದ್ದವರು ಅತ್ತೆ.

ಡಿಸೆಂಬರ್ 11ರಂದು ಇವತ್ತಿನ ಬಾಂಗ್ಲಾದೇಶದ ಟಾಂಗೈಲ್ ಹತ್ತಿರ ನಮ್ಮ 2ನೇ ಪ್ಯಾರಾ ಬೆಟಾಲಿಯನ್ನಿನ ಯೋಧರು ಪ್ಯಾರಾಚೂಟ್ ಕಟ್ಟಿಕೊಂಡು ಇಳಿದರು. ಪೂಂಗ್ಲಿ ಸೇತುವೆ ಹಿಡಿದು, ಢಾಕಾ ಕಡೆಗೆ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನಿ ಬ್ರಿಗೇಡನ್ನು ತಡೆಯುವುದು ಉದ್ದೇಶ. ಕಲೈಕುಂಡ ಮತ್ತು ಡಂಡಂನಿಂದ ಎದ್ದ ಸುಮಾರು 50 ವಿಮಾನಗಳಲ್ಲಿ ಪ್ಯಾಕೆಟ್‌ಗಳೂ ಇದ್ದವು, ಒಂದರಲ್ಲಿ ಮಾವ ಇದ್ದರು. ಐದು ದಿನದ ಮೇಲೆ ಢಾಕಾದಲ್ಲಿ ಶರಣಾಗತಿ. ಈ ಬಗ್ಗೆ ಯಾರಾದರೂ ಕೇಳಿದರೆ ಮಾವ ಜಾಸ್ತಿ ಹೇಳುತ್ತಿರಲಿಲ್ಲ. "ನಾವು ಬಾಗಿಲವರೆಗೆ ಬಿಟ್ಟು ಬಂದೆವು, ಹೊರಗೆ ಕಾಲಿಟ್ಟವರು ಅವರು" ಅಂದು ಮಾತು ಬದಲಿಸುತ್ತಿದ್ದರು.

ಅವರು ಬಿಡದೆ ಹೇಳುತ್ತಿದ್ದುದು ಇನ್ನೊಂದು ಸಂಗತಿ. ಯುದ್ಧ ಮುಗಿದು, ಮರುವರ್ಷದ ಶುರುವಿನಲ್ಲಿ ರಜೆ ಸಿಕ್ಕಿ ಮನೆಗೆ ಬಂದರು. ಬೀದಿಯವರೆಲ್ಲ ಹಾರ ಹಿಡಿದು ನಿಂತಿದ್ದರು. ಮಗಳು ಬಾಗಿಲಿಗೆ ಓಡಿ ಬಂದು ನೋಡಿದಳು, ಒಳಗೆ ಓಡಿಹೋಗಿ ಕೂಗಿದಳು, "ಅಮ್ಮಾ, ಮಾವ ಬಂದರು!" ನಾವೆಲ್ಲ ಅವರನ್ನು ಮಾವ ಅನ್ನುತ್ತಿದ್ದೆವು, ಫೋಟೋ ತೋರಿಸಿ ಮಾವ ಅನ್ನುತ್ತಿದ್ದೆವು, ಮಗುವೂ ಹಾಗೇ ಕಲಿತಿತ್ತು. ಸುತ್ತ ಇದ್ದವರು ನಕ್ಕರು. ಮಾವ ನಗಲಿಲ್ಲ. ಶೂಸ್ ಬಿಚ್ಚದೆ ಜಗಲಿ ಮೇಲೆ ಕೂತುಬಿಟ್ಟರು ಅಂತ ನಮ್ಮಮ್ಮ ಹೇಳುತ್ತಿದ್ದರು. ಐವತ್ತು ವರ್ಷದ ಮೇಲೆ, ಅದೇ ಮಗಳು ಅಜ್ಜಿಯಾದ ಮೇಲೂ, ಈ ಕಥೆ ಹೇಳುವಾಗ ಮಾವನ ಗಂಟಲು ಕಟ್ಟುತ್ತಿತ್ತು.

ಅಲ್ಲಿಂದ ಮುಂದೆ ಅವರು ಒಂದು ಪದ್ಧತಿ ಇಟ್ಟುಕೊಂಡರು. ಎಲ್ಲಿದ್ದರೂ ವಾರಕ್ಕೆರಡು ಇನ್‌ಲ್ಯಾಂಡ್ ಲೆಟರ್. ಅತ್ತೆಗೆ ಒಂದು, ಮಕ್ಕಳಿಗೇ ಅಂತ ಒಂದು. ಮಕ್ಕಳ ಕಾಗದದಲ್ಲಿ ದಪ್ಪ ಅಕ್ಷರ, ಒಂದು ಚಿತ್ರ, ಕೆಳಗೆ 'ನಿಮ್ಮ ಅಪ್ಪ' ಅಂತ ಎರಡು ಗೆರೆ ಎಳೆದ ಸಹಿ. ಆ ಕಾಗದಗಳು ಟ್ರಂಕಿನಲ್ಲಿ ಇವತ್ತಿಗೂ ಇವೆ. ವಿಮಾನದ ಮಾತು ಒಂದರಲ್ಲೂ ಇಲ್ಲ. ಅವರೆ ಕಾಳು ಬಂತಾ, ಪರೀಕ್ಷೆ ಹೇಗಾಯಿತು, ಸೈಕಲ್ ಬ್ರೇಕ್ ಸರಿ ಮಾಡಿಸಿದಿರಾ, ಅಜ್ಜಿ ಕಣ್ಣಿಗೆ ಔಷಧಿ ಯಾರು ಹಾಕುತ್ತಿದ್ದೀರಿ. ಬರೀ ಇಂಥವೇ.

ಆಮೇಲಿನ ಪೋಸ್ಟಿಂಗ್‌ಗಳನ್ನು ನಾನು ಒಂದೊಂದಾಗಿ ಹೇಳುವುದಿಲ್ಲ. 1984ರಿಂದ ಎಎನ್-32 ಬಂತು, ರೆಕ್ಕೆಯ ಮೇಲೆ ಎತ್ತರದಲ್ಲಿ ಎಂಜಿನ್ ಇರುವ ಆ ವಿಮಾನವನ್ನೂ ಕಲಿತರು. ಕೊನೆಗೆ ಯಲಹಂಕದಲ್ಲಿ ಹೊಸ ಪೈಲಟ್‌ಗಳಿಗೆ ಕಲಿಸುತ್ತಾ ವಿಂಗ್ ಕಮಾಂಡರ್ ಆಗಿ ನಿವೃತ್ತರಾದರು. ಇಲ್ಲೇ ಮನೆ ಕಟ್ಟಿದರು. ಖಾಸಗಿ ಕಂಪನಿಗಳಿಂದ ಕೆಲಸಕ್ಕೆ ಕರೆ ಬಂದವು, ಒಳ್ಳೇ ಸಂಬಳ. ಬೇಡ ಅಂದರು. "ಇಷ್ಟು ವರ್ಷ ಅವಳು ನನ್ನ ದಾರಿ ನೋಡಿದ್ದು ಸಾಕು" ಅಂದರಂತೆ. ಅಡುಗೆ ಕಲಿತರು. ಅಜ್ಜಿ ಹಾಸಿಗೆ ಹಿಡಿದ ಕೊನೆಯ ವರ್ಷಗಳಲ್ಲಿ ಸ್ನಾನ ಮಾಡಿಸಿ, ಊಟ ಮಾಡಿಸಿ, ಔಷಧಿ ಕೊಟ್ಟವರು ಮಾವನೇ. ಅತ್ತೆಯ ಪುಸ್ತಕದಲ್ಲಿ ಆ ವರ್ಷದಿಂದ ಎರಡು ಕೈಬರಹ ಶುರುವಾಗುತ್ತೆ. ಅರ್ಧ ಪುಟ ಅತ್ತೆಯದು, ಅರ್ಧ ಮಾವನದು. ನನಗೆ ಆ ಎರಡೂ ಪುಸ್ತಕಗಳಲ್ಲಿ ತುಂಬ ಇಷ್ಟವಾದ ಪುಟಗಳು ಅವೇ.

ವಾಯುಪಡೆಯನ್ನು ಮರೆತರು ಅಂತಲ್ಲ. 2008ರ ಮೇ ತಿಂಗಳು ನಿಮಗೆ ನೆನಪಿರಬಹುದು. 24ರಂದು ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣ ಶುರುವಾಯಿತು, ಇಡೀ ಬೆಂಗಳೂರು ಅದರದೇ ಮಾತಾಡುತ್ತಿತ್ತು. ಒಂದು ವಾರದ ಮೇಲೆ, 31ರಂದು, ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ ಒಂದು ಎಎನ್-32 ಇಳಿಯಿತು. 16 ಸಾವಿರ ಅಡಿಗೂ ಎತ್ತರದ ಜಾಗ. ಅಲ್ಲಿ 1962ರಲ್ಲಿ ಸ್ಕ್ವಾಡ್ರನ್ ಲೀಡರ್ ಸಿ. ಕೆ. ಎಸ್. ರಾಜೆ ಅವರು ಇಳಿಸಿದ್ದು ಪ್ಯಾಕೆಟ್. ಅಲ್ಲಿ ವಿಮಾನ ಇಳಿಯುವುದು 1965ರ ಹೊತ್ತಿಗೆ ನಿಂತಿದ್ದು, 43 ವರ್ಷದ ಮೇಲೆ ಮತ್ತೆ ಶುರುವಾಯಿತು. ಮಾವ ಮನೆಯಲ್ಲಿ ಪಾಯಸ ಮಾಡಿಸಿ ಬೀದಿಯವರಿಗೆಲ್ಲ ಹಂಚಿದರು. ಬಂದವರು ಮಕ್ಕಳ ಹುಟ್ಟುಹಬ್ಬವಾ ಅಂತ ಕೇಳಿದರೆ ಕೂರಿಸಿಕೊಂಡು ಆ ಜಾಗದ ಕಥೆ ಪೂರ್ತಿ ಹೇಳಿಯೇ ಕಳಿಸುತ್ತಿದ್ದರು.

ಇನ್ನೊಂದು ಹೇಳಬೇಕು. ಇಲ್ಲೇ ವಿಮಾನಪುರದಲ್ಲಿ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ರಾಕೇಶ್ ಶರ್ಮಾ ಅವರನ್ನು, ಈಚೆಗೆ ಗಗನಯಾನಕ್ಕೆ ಆಯ್ಕೆಯಾದವರನ್ನು ಪರೀಕ್ಷೆ ಮಾಡಿದ್ದು ಅಲ್ಲೇ. ಪೈಲಟ್‌ಗಳನ್ನು ಅಲ್ಲಿ ಒಂದು ಕೋಣೆಯಲ್ಲಿ ಕೂರಿಸಿ ಒಳಗಿನ ಗಾಳಿ ತೆಳು ಮಾಡುತ್ತಾ ಹೋಗುತ್ತಾರೆ. ಕೈಗೆ ಕಾಗದ ಕೊಟ್ಟು ಬರೆಯುತ್ತಿರಿ ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಅಕ್ಷರ ಸೊಟ್ಟಗಾಗುತ್ತೆ, ಆಮೇಲೆ ಬರೀ ಗೀಚು. ಬರೆಯುತ್ತಿರುವವನಿಗೆ ಮಾತ್ರ ಎಲ್ಲಾ ಸರಿಯಾಗಿಯೇ ಇದೆ ಅನ್ನಿಸುತ್ತಿರುತ್ತೆ. ಆಮ್ಲಜನಕ ಕಮ್ಮಿಯಾದಾಗ ಅದೇ ದೊಡ್ಡ ಅಪಾಯ. ಮಾವ ಈ ಪಾಠವನ್ನು ಜೀವನಪೂರ್ತಿ ಬಿಡಲಿಲ್ಲ. ಎಪ್ಪತ್ತೆಂಟನೇ ವಯಸ್ಸಿನಲ್ಲಿ ಒಂದು ದಿನ ಅತ್ತೆ, "ಇನ್ನು ನೀವು ಕಾರು ಓಡಿಸೋದು ಬೇಡ, ಎಡಗಡೆ ಬರೋರು ನಿಮಗೆ ಕಾಣ್ತಿಲ್ಲ" ಅಂದರು. ಲೇಯಲ್ಲಿ ವಿಮಾನ ಇಳಿಸಿದ ಮನುಷ್ಯ ಒಂದು ಮಾತು ವಾದ ಮಾಡದೆ ಕೀ ತೆಗೆದು ಅವರ ಕೈಗೆ ಕೊಟ್ಟರು. ನಾನು ಆಶ್ಚರ್ಯಪಟ್ಟಾಗ ಹೇಳಿದ್ದು: "ನನಗೆ ಚೆನ್ನಾಗೇ ಕಾಣ್ತಿದೆ ಅನ್ನಿಸ್ತಿತ್ತು. ಅದಕ್ಕೇ ಕೊಟ್ಟೆ."

ಕೊನೆಯದಾಗಿ, ನಿಮ್ಮಲ್ಲಿ ಬಹಳ ಜನಕ್ಕೆ ಮಾವ ಪರಿಚಯವಾದ ಕಾರಣ. ಪಿಂಚಣಿಯ ಕಾಗದಪತ್ರ.

ಜೊತೆಯವರೊಬ್ಬರು ತೀರಿಕೊಂಡಾಗ ಅವರ ಹೆಂಡತಿ ಕುಟುಂಬ ಪಿಂಚಣಿಗೆ ಅಂತ ತಿಂಗಳುಗಟ್ಟಲೆ ಓಡಾಡಿದ್ದನ್ನು ಮಾವ ನೋಡಿದರು. ಸರ್ವೀಸ್ ದಾಖಲೆಯಲ್ಲಿ ಆಕೆಯ ಹೆಸರು ಒಂದು ತರಹ, ಆಧಾರ್‌ನಲ್ಲಿ ಇನ್ನೊಂದು ತರಹ, ಬ್ಯಾಂಕಿನಲ್ಲಿ ಮತ್ತೊಂದು. ನಮ್ಮ ಹೆಂಗಸರ ಹೆಸರು ಮದುವೆಯ ಮನೆಯಲ್ಲಿ ಬದಲಾಗುವುದುಂಟು, ಹಳ್ಳಿಯಲ್ಲಿ ಹುಟ್ಟಿದ ತಾರೀಖು ಬರೆದಿಟ್ಟಿರುವುದಿಲ್ಲ. ಗಂಡ ಬದುಕಿದ್ದಾಗ ಅರ್ಧ ದಿನದಲ್ಲಿ ಮುಗಿಯುವ ತಿದ್ದುಪಡಿ ಅವನು ಹೋದ ಮೇಲೆ ಬೆಟ್ಟವಾಗಿ ಕೂರುತ್ತೆ. ಅಂದಿನಿಂದ ಮಾವ ಒಂದು ಮೇಜು ಹಾಕಿಕೊಂಡು ಕೂತರು. ಯಾವ ದರ್ಜೆಯವರು ಅಂತ ಕೇಳುತ್ತಿರಲಿಲ್ಲ. ಸಿಪಾಯಿಯ ಹೆಂಡತಿಯೋ ಅಧಿಕಾರಿಯ ಹೆಂಡತಿಯೋ, ಎಲ್ಲರಿಗೂ ಒಂದೇ ಕುರ್ಚಿ, ಅತ್ತೆ ಮಾಡಿದ ಅದೇ ಕಾಫಿ. ಬದುಕಿರುವ ಗಂಡಂದಿರನ್ನು ಅಟ್ಟಿಸಿಕೊಂಡು ಹೋಗಿ ಹೆಸರು ಸರಿ ಮಾಡಿಸುತ್ತಿದ್ದರು, ಜಂಟಿ ಖಾತೆ ಮಾಡಿಸುತ್ತಿದ್ದರು. 'ಸ್ಪರ್ಶ್' ಅಂತ ಪಿಂಚಣಿಯ ಕೆಲಸವೆಲ್ಲ ಕಂಪ್ಯೂಟರ್‌ಗೆ ಹೋದಾಗ ಎಂಬತ್ತರ ಹತ್ತಿರ ಇದ್ದ ಮಾವ ಅದನ್ನೂ ಕಲಿತರು, ಮೊಮ್ಮಗಳ ಪಕ್ಕ ಕೂತು, ನೋಟ್ಸ್ ಬರೆದುಕೊಂಡು.

ನವೆಂಬರ್ ಬಂತೆಂದರೆ ಲೈಫ್ ಸರ್ಟಿಫಿಕೇಟ್, ಅಂದರೆ ಪಿಂಚಣಿ ಪಡೆಯುವವರು ಬದುಕಿದ್ದಾರೆ ಅನ್ನುವುದಕ್ಕೆ ಪುರಾವೆ. ವಯಸ್ಸಾದ ಹೆಂಗಸರ ಬೆರಳಚ್ಚನ್ನು ಯಂತ್ರ ಒಪ್ಪುತ್ತಿರಲಿಲ್ಲ. ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಬೆರಳಿನ ಗೆರೆಗಳೇ ಸವೆದುಹೋಗಿರುತ್ತವೆ. ಮಾವ ಅವರ ಕೈ ಒರೆಸಿ, ಒಂದೊಂದೇ ಬೆರಳು ಇಡಿಸಿ, ಹತ್ತೂ ಆಗದಿದ್ದರೆ ಮೊದಲಿಂದ ಶುರುಮಾಡುತ್ತಿದ್ದರು. ಆಮೇಲೆ ಫೋನಿನಲ್ಲಿ ಮುಖ ತೋರಿಸಿದರೆ ಸಾಕು ಅನ್ನುವ ವ್ಯವಸ್ಥೆ ಬಂತು. ಆ ದಿನ ಅವರಿಗೆ ಆದ ಖುಷಿ ಹೇಳತೀರದು. ನಡೆಯಲಾಗದವರ ಮನೆಮನೆಗೆ ಫೋನ್ ಹಿಡಿದು ಹೋದರು.

ಯಾಕಿಷ್ಟು ಅಂತ ಒಮ್ಮೆ ಕೇಳಿದ್ದೆ. 1968ರ ಆ ವಿಮಾನದ ಹೆಸರೆತ್ತಿದರು. ಆಮೇಲೆ 2016ರದು, ತಾಂಬರಂನಿಂದ ಪೋರ್ಟ್‌ಬ್ಲೇರ್‌ಗೆ ಹೊರಟ ಎಎನ್-32, 29 ಜನ. ಅದರ ಅವಶೇಷ ಸಮುದ್ರದ ತಳದಲ್ಲಿ 3,400 ಮೀಟರ್ ಆಳದಲ್ಲಿ ಪತ್ತೆಯಾದ ಸುದ್ದಿ ಬಂದದ್ದು 2024ರ ಜನವರಿಯಲ್ಲಿ. "ಸಿಗದೇ ಹೋದವರ ಮನೆಯವರು ಕಾಯೋದು ಒಂದು. ಬರಬೇಕಾದ ದುಡ್ಡಿಗೂ ಅವರು ಕಾಯಬಾರದು" ಅಂದರು.

ಆ ಮೇಜು ಈಗಲೂ ಇದೆ. ಕಳೆದ ನವೆಂಬರ್‌ನಲ್ಲಿ ಅಲ್ಲಿ ಅತ್ತೆ ಕೂತರು, ದೊಡ್ಡ ಮಗಳು ಫೋನ್ ಹಿಡಿದಳು. ಮಾವ ತಮ್ಮ ಪತ್ರಗಳನ್ನು ಎಷ್ಟು ಅಚ್ಚುಕಟ್ಟಾಗಿ ಇಟ್ಟಿದ್ದರೆಂದರೆ ಅತ್ತೆಯ ಕುಟುಂಬ ಪಿಂಚಣಿ ತಡವಿಲ್ಲದೆ ಶುರುವಾಯಿತು. ಮುಂದಿನ ನವೆಂಬರ್‌ನಲ್ಲೂ ಭಾನುವಾರಗಳಲ್ಲಿ ಬೆಳಗ್ಗೆ ಹತ್ತರಿಂದ ಇರುತ್ತಾರೆ. ಬರುವವರು ಪಿಪಿಒ (ಪಿಂಚಣಿಯ ಆದೇಶಪತ್ರ), ಆಧಾರ್, ಬ್ಯಾಂಕ್ ಪಾಸ್‌ಬುಕ್ ಮತ್ತು ಆಧಾರ್‌ಗೆ ಸೇರಿಸಿದ ನಂಬರಿನ ಫೋನ್ ತನ್ನಿ. ಬರಲಾಗದವರು ಯಾರಾದರೂ ನಿಮ್ಮ ಬೀದಿಯಲ್ಲಿದ್ದರೆ ಅವರ ವಿಳಾಸವನ್ನು ಇವತ್ತೇ, ಕಾಫಿ ಕುಡಿಯುವ ಮುಂಚೆ, ಅತ್ತೆಯ ಹತ್ತಿರ ಬರೆಸಿ ಹೋಗಿ.